ವರ್ಲೀನಳ ಸಾಲುಜಡೆ

ಮೇಕನ್ ಊರಿನ ದೊಡ್ಡ ಹೋಟೆಲಿನಲ್ಲಿ ವರ್ಲೀನ್ ಗ್ಯಾಸ್ಕಿನ್ಸಳಿಗೆ ಕೆಲಸ ಸಿಕ್ಕಿದ್ದು ೧೯೮೧ರಲ್ಲಿ. ಆಗ ಅವಳಿಗೆ ಇಪ್ಪತ್ತನಾಲ್ಕು. ಅಲ್ಲಿ ಹಾಸಿಗೆ ಬದಲಿಸುವ ಕಪ್ಪು ಹೆಂಗಸರು ಬೇಕಾದಷ್ಟು ಮಂದಿ ಇದ್ದರು. ಬಾಗಿಲ ಬಳಿಯ ಸ್ವಾಗತದ ಮೇಜಿನ ಹಿಂದೆ ನಿಂತು ಅತಿಥಿಗಳಿಗೆ ಬೀಗದ ಕೈ ಕೊಡುವ ಕಪ್ಪು ಹೆಂಗಸರಲ್ಲಿ ಇವಳೇ ಮೊದಲಿಗಳು.

ಕೆಲಸಕ್ಕೆ ಸೇರುವ ಹಿಂದಿನ ಭಾನುವಾರ, ಚರ್ಚಿನಿಂದ ಬಂದ ಮೇಲೆ, ತಾಯಿ ಐಡೆಲಾ ಅವಳನ್ನು ಮೊಣಕಾಲ ನಡುವೆ ಕೂರಿಸಿಕೊಂಡು ತಲೆ ಹೆಣೆದಿದ್ದಳು. ನೆತ್ತಿಗೆ ಒತ್ತಿ ಹೆಣೆದ ಹದಿನಾಲ್ಕು ಸಾಲುಜಡೆ, ನೇಗಿಲ ಗೆರೆ ಎಳೆದಷ್ಟು ನೆಟ್ಟಗೆ. ಐಡೆಲಾ ಅದನ್ನು ಕಲಿತದ್ದು ತನ್ನ ಅಜ್ಜಿಯಿಂದ. ಅಜ್ಜಿ ಕಲಿತದ್ದು ಹತ್ತಿಹೊಲದಲ್ಲಿ ಜೀತ ಮಾಡಿ ಸತ್ತ ತನ್ನ ತಾಯಿಯಿಂದ. ಅದರಾಚೆಗಿನವರ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೊದಲ ದಿನವೇ ಮ್ಯಾನೇಜರ್ ಪ್ರುವಿಟ್ ಒಳಗೆ ಕರೆದ. ಬಿಳಿಯ, ಸಭ್ಯ, ದನಿ ಎತ್ತಿ ಮಾತಾಡುವವನಲ್ಲ.

“ನೋಡು ವರ್ಲೀನ್, ನಿನ್ನ ಕೆಲಸದ ಬಗ್ಗೆ ದೂರಿಲ್ಲ. ತಲೆ ಮಾತ್ರ... ಬರೋರಿಗೆ ನೋಡೋಕೆ ಒಂಥರಾ ಆಗುತ್ತೆ.”

“ತೊಳೆದು ಹೆಣೆದಿರೋದು ಸರ್.”

“ಕೊಳಕು ಅಂದ್ನಾ ನಾನು? ನೀಟಾಗಿರ್ಲಿ ಅಂದೆ. ನಾಳೆ ಸರಿ ಮಾಡ್ಕೊಂಡು ಬಾ.”

ಮನೆಯಲ್ಲಿ ಮೂರು ವರ್ಷದ ಮಗಳಿದ್ದಳು. ಗಂಡ ಬಿಟ್ಟುಹೋಗಿದ್ದ. ವರ್ಲೀನ್ ಹೋಟೆಲಿನ ಬಚ್ಚಲಲ್ಲೇ ನಿಂತು ಹದಿನಾಲ್ಕೂ ಜಡೆ ಬಿಚ್ಚಿದಳು. ಸಂಜೆ ಒಲೆಯ ಮೇಲೆ ಕಬ್ಬಿಣದ ಬಾಚಣಿಗೆ ಕಾಯಿಸಿ ಕೂದಲನ್ನು ನೆಟ್ಟಗೆ ಮಾಡಿಕೊಳ್ಳುವಾಗ ಕಿವಿಯ ತುದಿ ಸುಟ್ಟಿತು. ಐಡೆಲಾ ಏನೂ ಕೇಳಲಿಲ್ಲ, ಬೆಣ್ಣೆ ತಂದು ಸುಟ್ಟಲ್ಲಿಗೆ ಸವರಿದಳು. ಕೇಳಿದ್ದರೆ ಅತ್ತು ಹಗುರಾಗಬಹುದಿತ್ತು ಎಂದು ವರ್ಲೀನಳಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು.

ಆರು ವರ್ಷ ಹಾಗೇ ನಡೆಯಿತು. ಬಾಚಣಿಗೆ ಹೋಗಿ ಕೂದಲು ನೆಟ್ಟಗಾಗಿಸುವ ಡಬ್ಬಿಯ ಮದ್ದು ಬಂತು. ಹಚ್ಚಿದರೆ ನೆತ್ತಿ ಉರಿದು ಬೊಬ್ಬೆ ಏಳುತ್ತಿತ್ತು.

ಒಂದು ಮಾರ್ಚ್ ತಿಂಗಳಲ್ಲಿ, ಯಾವುದೋ ದ್ವೀಪಕ್ಕೆ ರಜೆಗೆ ಹೋಗಿದ್ದ ಬಿಳಿಯ ದಂಪತಿ ಹೋಟೆಲಿಗೆ ಬಂದರು. ಹೆಂಗಸಿನ ಹೊಂಬಣ್ಣದ ಕೂದಲೆಲ್ಲ ಸಾಲುಜಡೆ, ತುದಿಗೆ ಬಣ್ಣದ ಮಣಿ, ನಡುವೆ ಬಿಸಿಲಿಗೆ ಕೆಂಪಾದ ಬೈತಲೆ.

“ಎಷ್ಟು ಚೆನ್ನಾಗಿ ಒಪ್ಪಿದೆ ಮೇಡಂ ನಿಮಗೆ,” ಎಂದ ಪ್ರುವಿಟ್. “ಹೊಸ ಫ್ಯಾಶನ್ನಾ?”

“ಸಮುದ್ರದ ದಡದಲ್ಲಿ ಹಾಕಿಕೊಡ್ತಾರೆ. ತಮಾಷೆಗೆ ಹಾಕಿಸ್ಕೊಂಡೆ, ಸೋಮವಾರ ಬಿಚ್ಬಿಡ್ತೀನಿ,” ಎಂದು ಅವಳು ನಕ್ಕಳು.

ವರ್ಲೀನ್ ಬೀಗದ ಕೈ ಕೊಟ್ಟಳು. ಪ್ರುವಿಟ್ ಅವಳ ಕಡೆ ನೋಡಲಿಲ್ಲ. ಬೇಕೆಂದೇ ಮುಖ ತಪ್ಪಿಸಿದ್ದೂ ಅಲ್ಲ. ಅವನಿಗೆ ಹಳೆಯದು ನೆನಪೇ ಇರಲಿಲ್ಲ.

ಮನೆಯಲ್ಲಿ ಐಡೆಲಾ ಸೊಪ್ಪು ಹೆಚ್ಚುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

“ಆ ಹೆಂಗಸಿನ ಮೇಲೆ ಸಿಟ್ಟು ಮಾಡ್ಕೊಳ್ಳೋಕೂ ಆಗ್ಲಿಲ್ಲಮ್ಮ. ಅವಳಿಗೇನು ಗೊತ್ತು?”

“ಅವಳು ಸೋಮವಾರ ಬಿಚ್ಚಿ ಅವಳ ಪಾಡಿಗೆ ಹೋಗ್ತಾಳೆ. ನೀನು ಬಿಚ್ಚಿ ಆರು ವರ್ಷ ಆಯ್ತಲ್ಲ, ಎಲ್ಲಿಗೆ ಹೋದೆ?” ಎಂದಳು ಐಡೆಲಾ. ಚಾಕು ಕೆಳಗಿಟ್ಟಳು. “ಬಾ, ಕೂತ್ಕೋ.”

ಬೆರಳಿನ ಗೆಣ್ಣೆಲ್ಲ ಊದಿಕೊಂಡಿದ್ದ ಮುದುಕಿಗೆ ಸಾಲುಜಡೆ ಹೆಣೆದು ಮುಗಿಸಲು ನಾಲ್ಕು ತಾಸು ಹಿಡಿಯಿತು.

ಮರುದಿನ ಪ್ರುವಿಟ್ ಮತ್ತೆ ಅದೇ ಮಾತು ತೆಗೆದ.

“ನಿನ್ನೆ ಆ ಮೇಡಂಗೆ ಒಪ್ಪಿದೆ ಅಂದ್ರಲ್ಲ ಸರ್.”

“ಅವರು ಅತಿಥಿ, ವರ್ಲೀನ್.”

“ಸರಿ. ನಾನು ಬಿಚ್ಚಲ್ಲ.”

ಮಧ್ಯಾಹ್ನಕ್ಕೆ ಕೆಲಸ ಹೋಯಿತು. ವಕೀಲನ ಹತ್ತಿರ ಹೋದರೆ, ಅವನೂ ಕಪ್ಪು ಜನದವನೇ, ತಲೆ ಅಲ್ಲಾಡಿಸಿದ. “ಚರ್ಮ ಬದಲಿಸೋಕಾಗಲ್ಲ, ಅದಕ್ಕೆ ಕಾನೂನಿದೆ. ಜಡೆ ಬಿಚ್ಚಬಹುದಿತ್ತಲ್ಲ ಅಂತಾರೆ ಜಡ್ಜು. ಸುಮ್ನೆ ಅಲೆದು ಸುಸ್ತಾಗ್ಬೇಡ ತಂಗಿ.”

ವರ್ಲೀನ್ ತಾಯಿಯ ಮನೆಯ ಜಗಲಿಯಲ್ಲೇ ಕುರ್ಚಿ ಹಾಕಿ ಕೇರಿಯ ಹೆಂಗಸರ ತಲೆ ಹೆಣೆಯತೊಡಗಿದಳು. ಕೆಲವು ವರ್ಷಗಳ ನಂತರ ಐಡೆಲಾ ತೀರಿಕೊಂಡಾಗ, ಶವಪೆಟ್ಟಿಗೆಯಲ್ಲಿಡುವ ಮುಂಚೆ ಅವಳ ತಲೆಯನ್ನು ವರ್ಲೀನಳೇ ಹೆಣೆದಳು, ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಜಗಲಿಯ ಕುರ್ಚಿ ಮುಂದೆ ಪುಟ್ಟ ಅಂಗಡಿಯಾಯಿತು.

ಆ ಅಂಗಡಿಗೆ ಒಂದು ಶನಿವಾರ ಮೆರೆಡಿತ್ ಎಂಬ ಬಿಳಿಯ ಹೆಂಗಸು ಬಂದಳು, ದತ್ತು ತೆಗೆದುಕೊಂಡ ಆರು ವರ್ಷದ ಕಪ್ಪು ಮಗು ಜೊನೆಲ್‌ಳ ಕೈಹಿಡಿದು. ಮಗುವಿನ ಕೂದಲು ಸಿಕ್ಕುಗಟ್ಟಿ ಉಂಡೆಯಾಗಿತ್ತು. ಶಾಲೆಯಲ್ಲಿ ಆಡಿಕೊಳ್ಳುತ್ತಿದ್ದರಂತೆ. ವರ್ಲೀನ್ ಎಣ್ಣೆ ಹಾಕಿ, ಎಳೆಎಳೆಯಾಗಿ ಬಿಡಿಸಿ, ಹೆಣೆದು ಮುಗಿಸುವ ಹೊತ್ತಿಗೆ ಮಗು ಕೂತಲ್ಲೇ ನಿದ್ದೆಹೋಗಿತ್ತು.

“ನನಗೂ ಹೀಗೇ ಹಾಕ್ತೀರಾ ಮಿಸ್ ವರ್ಲೀನ್? ಇಬ್ಬರೂ ಒಂದೇ ಥರ ಕಾಣ್ತೀವಿ,” ಎಂದು ಮೆರೆಡಿತ್ ಆಸೆಯಿಂದ ಕೇಳಿದಳು.

“ನಿಮಗೆ ಹಾಕಲ್ಲಮ್ಮ,” ಎಂದಳು ವರ್ಲೀನ್. “ನಿಮಗೆ ಕಲಿಸ್ತೀನಿ.”

ಮೆರೆಡಿತ್‌ಳ ಮುಖ ಕೆಂಪಗಾಯಿತು. ಆದರೂ ಮುಂದಿನ ಶನಿವಾರ ಬಂದಳು, ಚಳಿಗಾಲವಿಡೀ ಬಂದಳು. ಎಳೆ ಬಿಗಿಯಾಯಿತೇ ಎಂದು ವರ್ಲೀನಳ ಮುಖ ನೋಡಿದರೆ, “ಮಗೂನ ಕೇಳಿ, ನನ್ನನ್ನಲ್ಲ,” ಎಂಬ ಉತ್ತರ ಬರುತ್ತಿತ್ತು.

ಹಳೆಯ ಗಿರಾಕಿ ಓಜೆಟಾಗೆ ಇದು ಸರಿಬರಲಿಲ್ಲ. “ನಮಗೆ ಅಂತ ಉಳಿದಿದ್ದು ಇದೊಂದು. ಅದನ್ನೂ ಅವರ ಕೈಗೆ ಕೊಟ್ಯಲ್ಲೇ.”

“ಕೈ ಅವರದಾದ್ರೂ ತಲೆ ನಮ್ದಲ್ವೇನೇ?” ಎಂದಳು ವರ್ಲೀನ್. ಓಜೆಟಾ ಒಪ್ಪಲಿಲ್ಲ. ಎರಡು ತಿಂಗಳು ಅಂಗಡಿಯ ಕಡೆ ತಲೆಹಾಕಲಿಲ್ಲ. ಈಸ್ಟರ್ ಹಬ್ಬ ಹತ್ತಿರ ಬಂದಾಗ ತಾನೇ ಬಂದು ತಲೆ ಹೆಣೆಸಿಕೊಳ್ಳಲು ಕುರ್ಚಿಯಲ್ಲಿ ಕೂತಳು.