ಹುಣಸೆ ಮರ ಇದ್ದ ಜಾಗ

ಸಿಕ್ಕಳು. ನನ್ನ ಮೊಮ್ಮಗಳು ಸಿಕ್ಕಳು! ಕೈಕಾಲು ಗಟ್ಟಿ, ಮೈಮೇಲೆ ಒಂದು ಗೀರಿಲ್ಲ, ಬಾಯಿ ತುಂಬ ಮಿರ್ಚಿಯ ಖಾರ. ನಾನಿದನ್ನು ಬರೆಯುತ್ತಿರುವಾಗ ಪಕ್ಕದ ಕೋಣೆಯಲ್ಲಿ ಜಡೆ ಬಿಗಿಯಾಯಿತೆಂದು ತನ್ನ ಅವ್ವನ ಜೊತೆ ಜಗಳ ತೆಗೆದಿದ್ದಾಳೆ. ಆ ಜಗಳ ಕೇಳಿಯೇ ನನಗೆ ಹೊಟ್ಟೆ ತುಂಬುತ್ತಿದೆ. ಏಳು ವರ್ಷದ ಕೂಸು ನಿನ್ನೆ ಕೊಪ್ಪಳದ ಸಂತೆಯಲ್ಲಿ ನನ್ನ ಕೈ ತಪ್ಪಿ, ನಾಲ್ಕು ತಾಸು ಕಾಣದೆ ಹೋಗಿ, ಸಿಕ್ಕಳು. ಮೊದಲು ಅದನ್ನೇ ಹೇಳಿಬಿಟ್ಟೆ. ಓದುವವರ ಎದೆ ನನ್ನ ಎದೆಯ ಹಾಗೆ ಬಡಿದುಕೊಳ್ಳುವುದು ಬೇಡ.

ನಾನು ಮೂರನೇ ಕ್ಲಾಸಿಗೆ ಸಾಲಿ ಬಿಟ್ಟವಳು. ಬರೆಯಲು ತಡವಾಗುತ್ತದೆ, ತಪ್ಪೂ ಆಗುತ್ತದೆ. ಆದರೆ ನಿನ್ನೆಯ ತಪ್ಪು ಅಕ್ಷರದ್ದಲ್ಲ, ನನ್ನದು.

ನಮ್ಮ ಮನೆಯಲ್ಲಿ ಒಂದು ಮಾತಿತ್ತು. ಪ್ಯಾಟೆಯಲ್ಲಿ ಯಾರೇ ಕೈ ತಪ್ಪಿದರೂ ಅಳಬಾರದು, ಓಡಾಡಬಾರದು. ನೆಟ್ಟಗೆ ಹುಣಸೆ ಮರದ ಕೆಳಗೆ ಹೋಗಿ ನಿಲ್ಲಬೇಕು. ಅಲ್ಲಿ ದೊಡ್ಡ ಬಾಣಲೆಯಲ್ಲಿ ಮಿರ್ಚಿ ಕರಿಯುವಾಕೆ ಇರುತ್ತಾಳೆ, ನೋಡಿಕೊಳ್ಳುತ್ತಾಳೆ. ಬೇವೂರಿನಿಂದ ಸೊಸೆಯಾಗಿ ಬಂದ ಮೊದಲ ವಾರ ನನ್ನ ಅತ್ತೆ ನನಗೆ ಹೇಳಿದ್ದು ಇದೇ. ಯಲಬುರ್ಗಾ ಕಡೆಯ ಮಂದಿ, ಕುಷ್ಟಗಿ ಕಡೆಯ ಮಂದಿ ಎಲ್ಲರೂ ಆ ಮರದ ಕೆಳಗೇ ಇಳಿಯುತ್ತಿದ್ದರು, ಅಲ್ಲೇ ಗಂಟು ಬಿಚ್ಚುತ್ತಿದ್ದರು. ಮಿರ್ಚಿಯಾಕೆ ಗಂಗಾವತಿ ಅಕ್ಕಿಯ ಮಂಡಕ್ಕಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಉಳ್ಳಾಗಡ್ಡಿ ಹಸಿಮೆಣಸು ಹಾಕಿ ಒಗ್ಗರಿಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸುತ್ತಿದ್ದಳು. ಹುಳಿ ತಲೆಯ ಮೇಲಿನ ಮರದ್ದೇ. ಒಗ್ಗರಣೆಯನ್ನು ಮುತ್ತಲ ಎಲೆಯಲ್ಲಿ ಮಡಚಿ, ಕಸಬಾರಿಗೆ ಕಡ್ಡಿಯ ಚೂರು ಚುಚ್ಚಿ ಕೊಡುತ್ತಿದ್ದಳು. ನನ್ನ ಮಗ ಐದು ವರ್ಷದವನಿದ್ದಾಗ ತಪ್ಪಿಸಿಕೊಂಡು, ನಾನು ಬಾಯಿ ಬಡಿದುಕೊಳ್ಳುತ್ತ ಓಡಿ ಬಂದರೆ, ಮರದ ಬೇರಿನ ಮೇಲೆ ಕುಳಿತು ಮಿರ್ಚಿಯ ತೊಟ್ಟು ಹಿಡಿದು ನನಗೇ ನಕ್ಕಿದ್ದ.

ಎರಡು ವರ್ಷದ ಹಿಂದೆ ರಸ್ತೆ ಅಗಲ ಮಾಡುವಾಗ ಆ ಮರ ಕಡಿದರು. ಎರಡು ದಿನ ಹಿಡಿಯಿತು. ನಾನು ಹೋಗಿ ನಿಂತು ನೋಡಿದೆ. ಹಸಿ ಹುಣಸೆ ಕಟ್ಟಿಗೆಯ ವಾಸನೆ ಓಣಿಯವರೆಗೂ ಬರುತ್ತಿತ್ತು. ಅತ್ತುಬಿಟ್ಟೆ. ಆಮೇಲೆ ಆ ಕಡೆ ಏನನ್ನೂ ತಿನ್ನಲು ಹೋಗಲಿಲ್ಲ. ಮಿರ್ಚಿಯಾಕೆ ಏನಾದಳು ಎಂದು ಒಬ್ಬರನ್ನೂ ಕೇಳಲಿಲ್ಲ. ಅವಳನ್ನೂ ಮರದ ಒಂದು ಟೊಂಗೆ ಅಂದುಕೊಂಡಿದ್ದೆನೇನೋ.

ಆಗ ಮಗನ ಸಂಸಾರ ಮುನಿರಾಬಾದಿನಲ್ಲಿತ್ತು. ಹೋದ ವರ್ಷ ಇಲ್ಲಿಗೆ ಬಂದರು. ಮೊಮ್ಮಗಳು ಆ ಮರವನ್ನು ಕಂಡೇ ಇಲ್ಲ. ಆದರೂ ಬಂದ ವಾರವೇ ಅವಳನ್ನು ಕೂರಿಸಿಕೊಂಡು ಅತ್ತೆಯ ಮಾತನ್ನೇ ಹೇಳಿದೆ. ಮರ, ಬಾಣಲೆ, ಮಿರ್ಚಿಯಾಕೆ, ಎಲ್ಲವನ್ನೂ. ಆ ಜಾಗಕ್ಕೆ ಇವತ್ತಿಗೂ ಆಟೋದವರು ‘ಹುಣಸಿಗಿಡ’ ಅಂತಲೇ ಕೂಗುತ್ತಾರಲ್ಲ, ನನ್ನ ತಲೆಯಲ್ಲಿ ಅದು ಇನ್ನೂ ಕಾಯಿ ಬಿಡುತ್ತಲೇ ಇತ್ತು.

ನಿನ್ನೆ ಮೆಂತೆಪಲ್ಯ ಹಾಕಿಸಿಕೊಳ್ಳಲು ಎರಡೂ ಕೈಯಿಂದ ಚೀಲದ ಬಾಯಿ ತೆರೆದೆ. ಅಷ್ಟೇ. ತಿರುಗಿದರೆ ಕೂಸಿಲ್ಲ.

ಮೊದಲಿಗೆ ನಾನು ಹೆದರಲಿಲ್ಲ ಎಂದರೆ ನಂಬುತ್ತೀರಾ? ಹೇಳಿಕೊಟ್ಟಿದ್ದೇನಲ್ಲ ಎಂಬ ಧೈರ್ಯ. ನೆಟ್ಟಗೆ ಹೋಗಿ ಆ ಜಾಗದಲ್ಲಿ ನಿಂತೆ. ಒಂದು ತಾಸು ನಿಂತೆ. ಬರುತ್ತಾಳೆ, ಈಗ ಬರುತ್ತಾಳೆ. ನೆತ್ತಿ ಸುಡತೊಡಗಿದಾಗ, ಅಲ್ಲಿ ನೆರಳಿಲ್ಲ ಎಂಬುದು ಗೊತ್ತಾಯಿತು. ಎದುರಿಗೆ ಮೊಬೈಲ್ ಅಂಗಡಿ, ನಡುವೆ ಸಿಮೆಂಟಿನ ಕಟ್ಟೆ, ಕಟ್ಟೆಯಲ್ಲಿ ಒಣಗಿದ ನಾಲ್ಕು ಹೂಗಿಡ. ಮಗನಿಗೆ ಫೋನು ಹಚ್ಚಿದೆ.

ಅವನು ಗಾಡಿ ನಿಲ್ಲಿಸುವ ಮೊದಲೇ ಕೇಳಿದ. “ಯವ್ವಾ, ಎಲ್ಲಿ ನಿಂದ್ರು ಅಂತ ಹೇಳಿದ್ದಿ ಅಕಿಗೆ?”

“ಹುಣಸಿಗಿಡದ ಕೆಳಗ.”

ಅವನು ಸುತ್ತ ನೋಡಿದ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಛಲೋ ಇತ್ತು.

“ಗಿಡ ಎಲ್ಲೈತಿ, ಯವ್ವಾ?”

ಮಗ ಠಾಣೆಗೆ ಹೋದ. ಸೊಸೆ ಓಡಿ ಬಂದಳು, ಕಾಲಲ್ಲಿ ಚಪ್ಪಲಿಯಿಲ್ಲ. “ಅತ್ತಿ, ನೀವು ಇಲ್ಲೇ ಕುಂದರ್ರಿ. ಎಲ್ಲಿಗೂ ಹೋಗಬ್ಯಾಡ್ರಿ” ಎಂದಳು. ನಾನೂ ಕಳೆದುಹೋಗಬಹುದು ಎಂದು ಅವಳಿಗೆ ಅನಿಸಿತ್ತು. ಅವಳು ಬಸ್ ನಿಲ್ದಾಣದ ಕಡೆ ಹೋದ ಮೇಲೆ, ಅವಳ ಮಾತು ಕೇಳದೆ ನಾನೂ ಹುಡುಕಲು ಎದ್ದೆ.

ಐವತ್ತು ವರ್ಷ ಬಾಳಿದ ಊರು. ಒಬ್ಬ ಹುಡುಗನಿಗೆ, “ತಮ್ಮಾ, ಹಳೇ ಟಾಕೀಸ್ ಹಿಂದ ಒಂದೀಟು ನೋಡ್ಕೊಂಡು ಬಾರಪಾ” ಎಂದೆ.

“ಯಾವ ಟಾಕೀಸ್‌ರಿ ಅಮ್ಮಾ?”

“ಮಂಡಾಳ ಭಟ್ಟಿ ಐತಲ್ಲ, ಅದರ ಬಾಜೂಕ.”

“ಭಟ್ಟಿ ಅಂದ್ರ?”

ಮಂಡಕ್ಕಿ ಹುರಿಯುವ ಭಟ್ಟಿಯ ಹೊಗೆ ನೋಡಿಯೇ ನಾವು ದಾರಿ ಹಿಡಿಯುತ್ತಿದ್ದೆವು. ಅಲ್ಲೀಗ ಗಾಜಿನ ಅಂಗಡಿ. ಸಜ್ಜೆ ರೊಟ್ಟಿ ಬಡಿಯುವ ಸದ್ದಿನಿಂದಲೇ ಗುರುತು ಸಿಗುತ್ತಿದ್ದ ಖಾನಾವಳಿಯ ಬಾಗಿಲಿಗೆ ಕಬ್ಬಿಣದ ಶಟರ್. ಕೂಸಿನ ಗುರುತು ಹೇಳಲು ನನಗೆ ಬಾಯಿತ್ತು, ಜಾಗದ ಗುರುತು ಹೇಳಲು ಒಂದು ಕಲ್ಲೂ ಉಳಿದಿರಲಿಲ್ಲ. ಕೋಟೆ ಗುಡ್ಡವೊಂದೇ ತನ್ನ ಜಾಗದಲ್ಲಿತ್ತು. ಗುಡ್ಡ ನೋಡಿ ಮಗುವನ್ನು ಹುಡುಕುವುದು ಹೇಗೆ? ಇಷ್ಟು ಜನದ ನಡುವೆ ಅವಳ ಕೆಂಪು ಲಂಗ ಎಲ್ಲ ಕಡೆ ಕಂಡಂತಾಗಿ, ಎಲ್ಲೂ ಇರಲಿಲ್ಲ. ನನ್ನ ಬಾಯಿಂದ ಬಂದ ಮಾತೇ ಅವಳನ್ನು ಕಳೆಯಿತು ಎಂದು ತಿರುಗಿ ಅದೇ ಸಿಮೆಂಟ್ ಕಟ್ಟೆಗೆ ಬಂದು ಕೂತೆ. ದೇವರನ್ನು ಕರೆಯಲೂ ಆಗಲಿಲ್ಲ. ಹೇಮಗುಡ್ಡದ ತಾಯಿಯ ಹೆಸರು ನಾಲಗೆಗೆ ಬಂದು, ಅರ್ಧಕ್ಕೇ ನಿಂತಿತು.

ಆಗ ನನ್ನ ಪಕ್ಕದಲ್ಲೇ ಒಬ್ಬ ಗಾಡಿ ನಿಲ್ಲಿಸಿ, ಪೊಟ್ಟಣ ಬಿಚ್ಚಿ ತಿನ್ನತೊಡಗಿದ. ನಾನು ನೋಡಿದ್ದು ಅವನನ್ನಲ್ಲ. ಮುತ್ತಲ ಎಲೆ. ಎಲೆಗೆ ಕಸಬಾರಿಗೆ ಕಡ್ಡಿ.

“ಯಪ್ಪಾ, ಇದನ್ನ ಎಲ್ಲಿ ತಗೊಂಡಿ?”

“ಕೋಟಿ ಕಡೆ ಹೋಗೂ ಹಾದ್ಯಾಗ, ಹಳೇ ಬಾವಿ ಹತ್ರ. ಒಬ್ಬಾಕಿ ಮುದುಕಿ ಮಾಡ್ತಾಳ. ಹಸಿವ್ಯಾಗೈತೇನು ಅಮ್ಮಾ? ತಗೋರಿ.”

“ನನಗ ತಿನ್ನಾಕ ಬ್ಯಾಡಪಾ. ಅಲ್ಲಿಗೆ ಕರಕೊಂಡು ಹೋಗು.”

ಅವನಿಗೆ ಏನು ಅನಿಸಿತೋ, ಎಲೆ ಮಡಚಿ ಜೇಬಿಗೆ ಹಾಕಿ ಹಿಂದೆ ಕೂರಿಸಿಕೊಂಡ.

ತಾಡಪಾಲಿನ ಕೆಳಗೆ ಅದೇ ಬಾಣಲೆ. ಪಕ್ಕದಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೆಂಪು ಲಂಗ. ಅರಿವೆಯಿಂದ ಒಂದೊಂದೇ ಮೆಣಸಿನಕಾಯಿ ಒರೆಸಿ ಬುಟ್ಟಿಗೆ ಹಾಕುತ್ತಿದ್ದಳು.

“ಎಷ್ಟೊತ್ತಿಗೆ ಬರ್ತಿ ಅಜ್ಜಿ? ಎರಡು ಬುಟ್ಟಿ ಒರಸೀನಿ ನಾನು!”

ತಬ್ಬಿಕೊಂಡು ಅತ್ತೆ, ನಕ್ಕೆ, ಬೆನ್ನಿಗೊಂದು ಹೊಡೆದೆ, ಮತ್ತೆ ಮುದ್ದಿಸಿದೆ. “ಗಿಡದ ಕೆಳಗ ನಿಂದ್ರು ಅಂದಿದ್ನಲ್ಲೇ!”

“ಗಿಡ ಇರಲಿಲ್ಲ. ಅದಕ್ಕ ದೊಡ್ಡ ಬಾಣಲಿ ಅಜ್ಜಿ ಎಲ್ಲಿ ಅಂತ ಅಲ್ಲಿ ಹೂವು ಮಾರೂ ಅಕಿನ್ನ ಕೇಳಿದೆ. ಕರಕೊಂಡು ಬಂದು ಬಿಟ್ಲು.”

ಮಿರ್ಚಿಯಾಕೆ ಜಾಲರಿ ಎತ್ತಿ ಎಣ್ಣೆ ಸೋಸುತ್ತ ನನ್ನನ್ನೇ ನೋಡುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. “ಬಾರಬೇ ಯಕ್ಕಾ. ಗಿಡ ಕಡದ್ರ ಈ ಮಿರ್ಚಿಯಾಕಿನೂ ಸತ್ತಳಂತ ತಿಳದಿದ್ದ್ಯೇನು? ಎರಡು ವರ್ಸ ಆತು, ಒಂದಿನಾರ ಈ ಕಡೆ ಹಣಕಿದಿ?”

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ.

“ಠಾಣಾಕ ಹೋಗೂಣಂದ್ರ ಈ ಕೂಸು ಏಳವಲ್ದು. ನಮ್ಮಜ್ಜಿ ನಿನ್ನ ಹತ್ರನ ನಿಂದ್ರು ಅಂದಾಳ ಅಂತ ಒಂದೇ ಹಟ. ಹೂವಿನಾಕಿ ನಿನ್ನ ಹುಡುಕಾಕ ಸಂತಿಗೆ ಹೋಗ್ಯಾಳ.”

ಮಗನಿಗೆ ಫೋನು ಮಾಡಿ ಕೂತಾಗ, ಬಾವಿಯ ಕಟ್ಟೆಯ ಮೇಲೆ ಕೆಂಪು ಬಣ್ಣದ ಗೀಟು ಕಂಡಿತು. ಕಡಿಯುವ ಮೊದಲು ಮರದ ಬೊಡ್ಡೆಗೂ ಅಂಥದೇ ಗೀಟು ಎಳೆದಿದ್ದರು. ನಾನು ನೋಡಿದ್ದನ್ನು ಅವಳು ನೋಡಿದಳು.

“ಹೌದಬೇ. ಇಲ್ಲಿಗೂ ಬರ್ತೈತಂತ ರಸ್ತೆ. ಮತ್ತೊಮ್ಮೆ ಈ ಬಾಣಲಿ ಹೊತಗೊಂಡು ಹೋಗಾಕ ನನ್ನ ಮೊಣಕಾಲು ಕೇಳಂಗಿಲ್ಲ. ಈ ಸಲ ಎಬಿಸಿದ್ರ ಮುಗೀತು.” ಅಷ್ಟು ಹೇಳಿ ಹಿಟ್ಟಿನಲ್ಲಿ ಮೆಣಸಿನಕಾಯಿ ಅದ್ದಿದಳು.

ಸಂಜೆ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಅವಳು ಕಟ್ಟಿಕೊಟ್ಟ ಒಗ್ಗರಣೆ, ಮಿರ್ಚಿಯನ್ನೇ ನಡುಮನೆಯಲ್ಲಿ ಹರಡಿಕೊಂಡು ನಾಲ್ವರೂ ಕೂತೆವು. ಮಗ ಮೊದಲ ತುತ್ತಿಗೇ ಕಣ್ಣು ಒರೆಸಿಕೊಂಡು, ಖಾರ ಎಂದ. ಸೊಸೆ ಒಂದು ಮಿರ್ಚಿ ತೆಗೆದು ಮೊದಲು ನನ್ನ ಎಲೆಗೆ ಹಾಕಿದಳು. ಹುಳಿಗೆ ಆ ಮರದ ರುಚಿ ಇರಲಿಲ್ಲ. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಮೊಮ್ಮಗಳು ಬಾಯಲ್ಲಿ ತುತ್ತಿಟ್ಟುಕೊಂಡೇ ಕೇಳಿದಳು. “ಅಜ್ಜಿ, ಮಿರ್ಚಿ ಅಜ್ಜಿನ್ನೂ ಎಬಿಸಿದ್ರ ನಾ ಎಲ್ಲಿ ನಿಂದರ್ಲಿ?”

“ಕೋಟಿ ಗುಡ್ಡದ ಕೆಳಗ” ಎಂದ ಮಗ. “ಅದನ್ಯಾರು ಕಡೀತಾರ?”

“ಕುಷ್ಟಗಿಗೆ ಹೋಗೂ ಮುಂದ ಬಸ್ಸಿನ್ಯಾಗಿಂದ ತೋರ್ಸಿದ್ದಿಯಲ್ಲ ಅಪ್ಪಾ, ಅಲ್ಲೊಂದು ಗುಡ್ಡ ಅರ್ಧ ಕಲ್ಲಿಗೆ ಕಡದಾರ ಅಂತ.”

ಸೊಸೆ ನೀರಿನ ತಂಬಿಗೆ ಮುಂದಿಟ್ಟಳು. ಆ ಕೂಸಿಗೆ ಹೇಳಿಕೊಡಲು ಈ ಊರಲ್ಲಿ ನನ್ನ ಹತ್ತಿರ ಒಂದು ಜಾಗವೂ ಉಳಿದಿರಲಿಲ್ಲ. ಬಲಗೈಯಲ್ಲಿ ಉಣ್ಣುತ್ತ ಎಡಗೈಯಲ್ಲಿ ಅವಳ ಕೈ ಹಿಡಿದುಕೊಂಡೆ.

“ಬಿಡಬೇ ಅಜ್ಜಿ, ನೀರು ಕುಡೀಬೇಕು.”

ಬಿಡಲಿಲ್ಲ. ತಂಬಿಗೆಯನ್ನು ಅವಳ ಅವ್ವನೇ ಎತ್ತಿ ಕುಡಿಸಿದಳು.