ಪೆರೇಸಂದ್ರದ ನಾಗವೇಣಿ, ಮುರುಗಮಲ್ಲದ ರುಕ್ಸಾನಾ

ಕೋವಿಡ್ ತಣ್ಣಗಾದ ಮರುವರ್ಷ. ಗೌರಿಬಿದನೂರಿನ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ಕಲಿಸಿ ನಾನು ನಿವೃತ್ತಳಾಗಿದ್ದೆ. ಬಾಕ್ಸಿಂಗ್ ರೆಫರಿಯ ಬಿಳಿ ಅಂಗಿಯನ್ನು ಮಾತ್ರ ಇನ್ನೂ ಬಿಟ್ಟಿರಲಿಲ್ಲ. ಆಗ ಚಿಂತಾಮಣಿಯಲ್ಲಿ ಒಂದು ಖಾಸಗಿ ಟ್ರಸ್ಟ್ ಬಾಕ್ಸಿಂಗ್ ಹಾಲ್ ಕಟ್ಟಿಸಿತು. ಅದರ ಮುಖ್ಯ ಕೋಚ್ ಹುದ್ದೆ ನಮ್ಮ ಜಿಲ್ಲೆ ಕಂಡ ಅತಿ ದೊಡ್ಡ ಬಾಕ್ಸರ್‌ಗೇ ಸಲ್ಲಬೇಕೆಂದು ತೀರ್ಮಾನವಾಯಿತು. ಅದು ಯಾರೆಂದು ಹೇಳಲು ಮೂವರ ಸಮಿತಿ. ಅಧ್ಯಕ್ಷರು ರೇಷ್ಮೆಗೂಡಿನ ವ್ಯಾಪಾರಿ, ಇನ್ನೊಬ್ಬರು ಅವರ ಬೀಗರು. ಆಟ ಬಲ್ಲವಳು ನಾನೊಬ್ಬಳೇ.

ಉಳಿದದ್ದು ಎರಡೇ ಹೆಸರು. ಪೆರೇಸಂದ್ರದ ನಾಗವೇಣಿ, ಮುರುಗಮಲ್ಲದ ರುಕ್ಸಾನಾ. ಇಬ್ಬರೂ ಒಂದೇ ತೂಕದ ವಿಭಾಗದವರು. ನಾಗವೇಣಿ ಹನ್ನೊಂದು ವರ್ಷ ಆಡಿ ರಾಷ್ಟ್ರಮಟ್ಟದಲ್ಲಿ ಎರಡು ಚಿನ್ನ, ಒಂದು ಬೆಳ್ಳಿ ತಂದಿದ್ದಳು. ರುಕ್ಸಾನಾ ಆಡಿದ್ದು ಆರೇ ವರ್ಷ. ಒಂದು ಚಿನ್ನ, ಒಂದು ಬೆಳ್ಳಿ. ಎದುರುಬದುರಾಗಿ ಆಡಿದ್ದು ಮೂರು ಸಲ. ಮೊದಲೆರಡು ರುಕ್ಸಾನಾಳದು, ಕೊನೆಯದು ನಾಗವೇಣಿಯದು. ಆ ಕೊನೆಯ ಪಂದ್ಯವಾದ ಮೇಲೆ ರುಕ್ಸಾನಾ ಮತ್ತೆ ರಿಂಗ್ ಹತ್ತಲಿಲ್ಲ.

“ಮೆಡಲ್ ಎಣಿಸಿ ಮೇಡಂ, ಮುಗೀತು,” ಎಂದರು ಅಧ್ಯಕ್ಷರು.

ನಾನು ಒಪ್ಪಲಿಲ್ಲ. ನಾಗವೇಣಿಯ ಎರಡು ಚಿನ್ನವೂ ರುಕ್ಸಾನಾ ಆಟ ಬಿಟ್ಟ ಮೇಲೆ ಬಂದವು. ಅವಳನ್ನು ಎರಡು ಸಲ ಸೋಲಿಸಿದವಳು ಕಣದಲ್ಲೇ ಇರಲಿಲ್ಲ. ರುಕ್ಸಾನಾ ಗೆದ್ದ ಕಾಲದಲ್ಲಾದರೋ ಆ ವಿಭಾಗದಲ್ಲಿ ದೇಶದ ಘಟಾನುಘಟಿಗಳೆಲ್ಲ ಇದ್ದರು. ಯಾರನ್ನು ಹೊಡೆದು ಗೆದ್ದರು ಎಂದು ನೋಡದೆ ಎಷ್ಟು ಗೆದ್ದರು ಎಂದು ಎಣಿಸಿದರೆ ಅದು ತೀರ್ಪಲ್ಲ ಎಂದೆ.

ಅಧ್ಯಕ್ಷರು ನಕ್ಕರು. “ಸರಿ ಬಿಡಿ. ಹಾಲ್ ಓಪನಿಂಗ್ ದಿನ ಇಬ್ಬರನ್ನೂ ರಿಂಗ್‌ಗೆ ಹತ್ತಿಸೋಣ. ಗೆದ್ದೋಳು ಕೋಚ್. ಜನಾನೂ ಸೇರ್ತಾರೆ.”

ರುಕ್ಸಾನಾ ಮದುವೆಯಾಗಿ ಆಟ ಬಿಟ್ಟಳೆಂದು ಊರೆಲ್ಲ ನಂಬಿತ್ತು. ನಿಜ ಗೊತ್ತಿದ್ದದ್ದು ಅವಳ ಮನೆಯವರಿಗೆ ಮತ್ತು ನನಗೆ. ಕೊನೆಯ ಪಂದ್ಯವಾದ ವಾರದಲ್ಲಿ ಅವಳ ಎಡಗಣ್ಣ ಮುಂದೆ ಕಪ್ಪು ಚುಕ್ಕೆಗಳು ತೇಲತೊಡಗಿದವು. ಆ ಪಂದ್ಯದ ರೆಫರಿಯಾಗಿದ್ದ ನಾನೇ ಅವಳನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಪದರ, ಏಟಿಗೆ ಕಳಚಿಕೊಂಡಿತ್ತು. ಆಪರೇಷನ್ ಮಾಡಿದ ವೈದ್ಯರು, ತಲೆಗೆ ಇನ್ನೊಂದು ಏಟು ಬಿದ್ದರೆ ಆ ಕಣ್ಣಿನ ಆಸೆ ಬಿಡಿ ಎಂದಿದ್ದರು.

ಮಾರನೆಯ ದಿನವೇ ಮುರುಗಮಲ್ಲಕ್ಕೆ ಬಸ್ ಹತ್ತಿದೆ. ದರ್ಗಾಕ್ಕೆ ಹೋಗುವ ರಸ್ತೆಯಿಂದ ಒಳಗೆ, ಒಂದು ಖಾಲಿ ಸೈಟಿನಲ್ಲಿ ರುಕ್ಸಾನಾ ಏಳೆಂಟು ಹುಡುಗಿಯರಿಗೆ ಹೆಜ್ಜೆ ಹಾಕುವುದನ್ನು ಕಲಿಸುತ್ತಿದ್ದಳು. ಪಂದ್ಯದ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಒಪ್ಪಿಯೂ ಬಿಟ್ಟಿದ್ದಳು.

“ಬೇಡ ಅಂತ ಹೇಳು,” ಎಂದೆ.

“ಹೇಳಲ್ಲ ಮೇಡಂ. ಇಷ್ಟು ವರ್ಷ ಮದುವೆ ಆಗಿ ಬಿಟ್ಟೋದ್ಲು ಅನ್ನಿಸ್ಕೊಂಡಿದ್ದೀನಿ. ಈಗ ಹೆದರ್ಕೊಂಡ್ಲು ಅಂತಾನೂ ಅನ್ನಿಸ್ಕೊಬೇಕಾ?”

“ಕಣ್ಣು ಹೋಗುತ್ತೆ ಕಣೇ.”

“ಇನ್ನೊಂದಿದೆ,” ಎಂದು ಹುಡುಗಿಯರ ಕಡೆ ತಿರುಗಿದಳು.

ಅಲ್ಲಿಂದ ನೇರವಾಗಿ ಚಿಕ್ಕಬಳ್ಳಾಪುರಕ್ಕೆ ಹೋದೆ. ನಾಗವೇಣಿಗೆ ಅಲ್ಲಿ ಕ್ರೀಡಾ ಕೋಟಾದ ಗುಮಾಸ್ತೆ ಕೆಲಸ. ಫೈಲುಗಳ ನಡುವೆ ಕೂತು ಅವಳಿಗೆ ಸಾಕಾಗಿತ್ತು. ಅವಳಿಗೂ ಆ ಕೋಚ್ ಹುದ್ದೆ ಬೇಕಿತ್ತು. ಕಣ್ಣಿನ ವಿಷಯ ಯಾರಿಗೂ ಹೇಳುವುದಿಲ್ಲವೆಂದು ರುಕ್ಸಾನಾಳಿಗೆ ಮಾತು ಕೊಟ್ಟಿದ್ದೆ. ಆ ಮಾತನ್ನು ಅಂದು ಮುರಿದೆ. ಅದಕ್ಕೆ ನನಗೆ ಇವತ್ತಿಗೂ ವಿಷಾದವಿಲ್ಲ.

ನಾಗವೇಣಿ ಮುಂದಿದ್ದ ಫೈಲನ್ನು ಮುಚ್ಚಿ ಬದಿಗಿಟ್ಟಳು. ಆಮೇಲೆ, “ಅವತ್ತು ನಾನು ಹೊಡೆದ ಏಟಾ?” ಎಂದಳು.

“ನಿಯಮ ಮೀರಿದ ಏಟಲ್ಲ. ಆದರೆ ಹೌದು.”

“ನೀವು ಅವಳನ್ನೇ ದೊಡ್ಡೋಳು ಅಂತಿದ್ದೀರಂತೆ.”

“ಹೌದು.”

“ತಪ್ಪು ಮೇಡಂ. ಹನ್ನೊಂದು ವರ್ಷ ಮೈ ಕಾಪಾಡ್ಕೊಂಡು ನಿಲ್ಲೋದೂ ಆಟಾನೇ. ನಾನೇ ದೊಡ್ಡೋಳು. ಆದ್ರೆ ಅದನ್ನ ತೋರ್ಸಕ್ಕೆ ಅವಳ ಕಣ್ಣು ಬೇಡ.”

ಎರಡು ದಿನ ಕಳೆದು ಅಧ್ಯಕ್ಷರು ಎಲ್ಲರನ್ನೂ ಹೊಸ ಹಾಲ್‌ಗೆ ಕರೆದಿದ್ದರು. ಹೊರಗೆ ಪಂದ್ಯದ ಬ್ಯಾನರ್ ಆಗಲೇ ಏರಿತ್ತು. ನಾಗವೇಣಿ ಎದ್ದು, ತಾನು ಆಡುವುದಿಲ್ಲ ಎಂದಳು. ಕಾರಣ ಹೇಳಲಿಲ್ಲ.

“ನೋಡಮ್ಮ, ಹೆದರ್ಕೊಂಡ್ಲು ಅಂತಾರೆ ಜನ,” ಎಂದರು ಅಧ್ಯಕ್ಷರು.

“ಅನ್ಲಿ.”

ಕಾರಣ ರುಕ್ಸಾನಾಳಿಗೆ ಹೊಳೆಯಿತು. ನನ್ನ ಕಡೆ ಸುಡುವಂತೆ ನೋಡಿ, ನಾಗವೇಣಿಯ ಎದುರಿಗೆ ಹೋಗಿ ನಿಂತಳು. “ಯಾರು ಕೇಳಿದ್ರು ನಿನ್ನ ಕರುಣೆ? ನನ್ನ ಕಣ್ಣು ನನ್ನದು.”

“ಕಣ್ಣು ನಿಂದು ಕಣೇ. ಕೈ ನಂದು. ಎತ್ತಲ್ಲ.”

ಬೀಗರು ಬಾಯಿ ಹಾಕಿದರು. ಸುಮ್ಮನೆ ಪ್ರದರ್ಶನಕ್ಕೆ ಮೆತ್ತಗೆ ಆಡಿದರೂ ಸಾಕಲ್ಲ ಎಂದರು. ಇಬ್ಬರೂ ಒಟ್ಟಿಗೆ ಅವರತ್ತ ತಿರುಗಿ ಗುರಾಯಿಸಿದರು. ಆಗ ನಾನೂ ಎದ್ದೆ. ವೈದ್ಯರು ಒಪ್ಪದ ಬಾಕ್ಸರ್ ರಿಂಗ್ ಹತ್ತಿದರೆ ಈ ಜಿಲ್ಲೆಯ ಯಾವ ರೆಫರಿಯೂ ಬರದಂತೆ ನೋಡಿಕೊಳ್ಳುತ್ತೇನೆ, ಬ್ಯಾನರ್ ಇಳಿಸಿ ಎಂದೆ. ಅಧ್ಯಕ್ಷರಿಗೆ ಸಿಟ್ಟು ನೆತ್ತಿಗೇರಿತ್ತು. ಆದರೂ ಸಂಜೆಯೊಳಗೆ ಬ್ಯಾನರ್ ಇಳಿಯಿತು.

ಕೊನೆಗೆ ಸಮಿತಿ ಮತ ಹಾಕಿತು. ಅಧ್ಯಕ್ಷರದೂ ಬೀಗರದೂ ಮೆಡಲಿನ ಲೆಕ್ಕ, ನಾಗವೇಣಿ. ನನ್ನದು ರುಕ್ಸಾನಾ. ತೀರ್ಪುಗಾರರು ಒಮ್ಮತಕ್ಕೆ ಬರದೆ ಬಹುಮತದಿಂದ ಗೆಲುವು ಕೊಟ್ಟರೆ ಬಾಕ್ಸಿಂಗ್‌ನಲ್ಲಿ ಅದನ್ನು ಸ್ಪ್ಲಿಟ್ ಡಿಸಿಷನ್ ಎನ್ನುತ್ತಾರೆ. “ಸ್ಪ್ಲಿಟ್ ಆದ್ರೂ ಗೆಲುವು ಗೆಲುವೇ,” ಎಂದು ನಾಗವೇಣಿ ತಲೆಯೆತ್ತಿಕೊಂಡೇ ಹುದ್ದೆಗೆ ಸೇರಿದಳು. ಒಮ್ಮತ ಮಾಡಿಬಿಡಿ ಎಂದು ಅಧ್ಯಕ್ಷರು ಎಷ್ಟು ಒತ್ತಿದರೂ ನಾನು ಮತ ಬದಲಿಸಲಿಲ್ಲ. ಆ ಟ್ರಸ್ಟ್ ಮತ್ತೆ ನನ್ನನ್ನು ಯಾವುದಕ್ಕೂ ಕರೆಯಲಿಲ್ಲ.

ರುಕ್ಸಾನಾ ಒಂದು ವರ್ಷ ನನ್ನೊಡನೆ ಮಾತು ಬಿಟ್ಟಳು. ಮರುವರ್ಷದ ಜಿಲ್ಲಾ ಪಂದ್ಯಾವಳಿ ಶಿಡ್ಲಘಟ್ಟದಲ್ಲಿ ನಡೆದಾಗ ನಾನೇ ರೆಫರಿ. ಅವಳು ಮುರುಗಮಲ್ಲದ ಖಾಲಿ ಸೈಟಿನಲ್ಲಿ ಕಲಿತ ಹುಡುಗಿಯರನ್ನು ಸಾಲಾಗಿ ಕರೆದುಕೊಂಡು ಬಂದಳು. ನೇರವಾಗಿ ನನ್ನ ಬಳಿಗೆ ಬಂದು, “ಇವತ್ತು ನನ್ನ ಕಣ್ಣಲ್ಲ, ಇವರ ಆಟ ನೋಡಿ ಮೇಡಂ,” ಎಂದಳು. ಎದುರು ಮೂಲೆಯಲ್ಲಿ ನಾಗವೇಣಿ ತನ್ನ ಹುಡುಗಿಯರೊಂದಿಗೆ ನಿಂತಿದ್ದಳು. ಎರಡು ಫೈನಲ್‌ಗಳಲ್ಲಿ ಸೈಟಿನ ಹುಡುಗಿಯರು ಹಾಲ್‌ನ ಹುಡುಗಿಯರನ್ನು ಸೋಲಿಸಿದರು, ಇನ್ನೆರಡರಲ್ಲಿ ಸೋತರು. ಇಬ್ಬರು ಕೋಚುಗಳೂ ಎಷ್ಟು ಜೋರಾಗಿ ಕೂಗುತ್ತಿದ್ದರೆಂದರೆ, ನಾನು ಇಬ್ಬರಿಗೂ ಎಚ್ಚರಿಕೆ ಕೊಡಬೇಕಾಯಿತು.

ಯಾರು ದೊಡ್ಡವರು ಎಂದು ಈಗಲೂ ಕೇಳುವವರಿದ್ದಾರೆ. ನನ್ನ ಉತ್ತರ ಬದಲಾಗಿಲ್ಲ. ನಾಗವೇಣಿಯದೂ ಬದಲಾಗಿಲ್ಲ. ಬದಲಾಗಬೇಕಾಗಿಯೂ ಇಲ್ಲ. ಗೆದ್ದವರ ಕೈ ಎತ್ತುವುದೇ ರೆಫರಿಯ ಕೆಲಸವೆಂದು ಜನ ತಿಳಿಯುತ್ತಾರೆ. ಅದು ಕೊನೆಯ ಕೆಲಸ. ಆಗಬಾರದ ಪಂದ್ಯಕ್ಕೆ ಊರೇ ಚಪ್ಪಾಳೆ ತಟ್ಟುತ್ತ ಕಾದಿದ್ದರೂ, ನಡುವೆ ನಿಂತು ಆಗುವುದಿಲ್ಲ ಎನ್ನುವುದು ಮೊದಲನೆಯದು.