ಕೋಪವಿಲ್ಲದವರಿಗೆ ಲೈನ್ ಇಲ್ಲ

ಹೋದ ವಾರ ಸಿಡ್ನಿಯ ಸ್ಕೋಫೀಲ್ಡ್ಸ್‌ನ ಪೆಟ್ರೋಲ್ ಬಂಕಿನಲ್ಲಿ ಕಾರಿನ ಕಡೆಗೆ ಹಿಂತಿರುಗುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಟ್ರಕ್ಕಿನ ಬಾಗಿಲು ತೆರೆಯಿತು. ಡೀಸೆಲ್ ವಾಸನೆಯೊಂದಿಗೆ, ಬಿಸಿಗೆ ಸುರುಟಿ ಒಣಗಿದ ಕಿತ್ತಳೆ ಸಿಪ್ಪೆಯ ಕಹಿ ಪರಿಮಳ ಕೆಳಗಿಳಿಯಿತು. ಈ ಎರಡು ವಾಸನೆಗಳನ್ನು ಹೀಗೆ ಒಟ್ಟಾಗಿ ನಾನು ಉಸಿರಾಡಿದ್ದು ಒಬ್ಬರೇ ಒಬ್ಬರ ಟ್ರಕ್ಕಿನಲ್ಲಿ. ಅವರು ಹಣ್ಣು ತಿಂದು ಸಿಪ್ಪೆಯನ್ನು ಗಾಜಿನ ಕೆಳಗೆ, ಬಿಸಿಗಾಳಿ ಬರುವ ಜಾಗದಲ್ಲಿ ಸಾಲಾಗಿ ಇಡುತ್ತಿದ್ದರು. ಅದರ ವಾಸನೆಗೆ ನಿದ್ದೆ ಹತ್ತಿರ ಸುಳಿಯುವುದಿಲ್ಲವೆಂಬುದು ಅವರ ನಂಬಿಕೆ. ಸಿಪ್ಪೆ, ಫ್ಲಾಸ್ಕಿನ ಕಾಫಿ, ರೇಡಿಯೋ... ಈ ಮೂರು ಇಲ್ಲದೆ ಅವರು ಮನೆಯ ಗೇಟು ದಾಟಿದವರಲ್ಲ.

ನಾನು ಅವರನ್ನು ಅಂಕಲ್ ಎಂದು ಕರೆಯುತ್ತಿದ್ದೆ. ಎರಡು ಸಾವಿರದ ದಶಕದ ಆರಂಭದಲ್ಲಿ ವಿದ್ಯಾರ್ಥಿಯಾಗಿ ಸಿಡ್ನಿಗೆ ಬಂದಾಗ, ಗಿರಾವೀನ್‌ನಲ್ಲಿ ಅವರ ಮನೆಯ ಗ್ಯಾರೇಜೇ ನನ್ನ ಬಾಡಿಗೆಯ ಕೋಣೆ. ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕರು. ಆಂಟಿಯೊಡನೆ ಕೊಂಕಣಿ, ನನ್ನೊಡನೆ ಕನ್ನಡ, ರೇಡಿಯೋದೊಡನೆ ಇಂಗ್ಲಿಷ್. ಹೌದು, ರೇಡಿಯೋದೊಡನೆಯೂ ಅವರು ಮಾತನಾಡುತ್ತಿದ್ದರು. ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ವೇದಿಕೆ ಹತ್ತಿಳಿದು, ಮಾತಿನಿಂದ ಜಗತ್ತನ್ನು ತಿದ್ದಬಹುದೆಂದು ನಂಬಿ ಬಂದಿದ್ದ ನನ್ನನ್ನು ಅವರು ಮೊದಲ ದಿನದಿಂದಲೇ ‘ಲೀಡರ್’ ಎಂದು ಛೇಡಿಸಿದರು.

ಅವರ ಕೆಲಸದ ಕ್ರಮವನ್ನು ಇಲ್ಲಿ ಹೇಳಬೇಕು. ಸಿಡ್ನಿಯಿಂದ ಹೊರಟ ಟ್ರಕ್ಕು ಮತ್ತು ಮೆಲ್ಬರ್ನ್‌ನಿಂದ ಹೊರಟ ಟ್ರಕ್ಕು ಹೆದ್ದಾರಿಯ ನಡುವಿನ ಟಾರ್ಕಟಾ ಎಂಬ ಸಣ್ಣ ಊರಿನಲ್ಲಿ ಸಂಧಿಸುತ್ತಿದ್ದವು. ಇಬ್ಬರು ಚಾಲಕರೂ ತಮ್ಮ ಹಿಂದಿನ ಟ್ರೈಲರುಗಳನ್ನು ಅದಲುಬದಲು ಮಾಡಿಕೊಂಡು ಬಂದ ದಾರಿಯಲ್ಲೇ ತಿರುಗುತ್ತಿದ್ದರು. ಸರಕು ಮುಂದೆ ಹೋಗುತ್ತಿತ್ತು, ಚಾಲಕ ಬೆಳಗಿಗೆ ತನ್ನ ಮನೆಗೇ ಮರಳುತ್ತಿದ್ದ. ಮೆಲ್ಬರ್ನ್ ಕಡೆಯಿಂದ ಬರುತ್ತಿದ್ದ ಕ್ರೊಯೇಷಿಯಾದ ಮನುಷ್ಯನನ್ನು ಅಂಕಲ್ ‘ಪಾರ್ಟ್‌ನರ್’ ಎನ್ನುತ್ತಿದ್ದರು.

ಆ ದಾರಿಯುದ್ದಕ್ಕೂ ರಾತ್ರಿಯಿಡೀ ಟ್ರಕ್ ಚಾಲಕರಿಗಾಗಿಯೇ ಒಂದು ರೇಡಿಯೋ ಕಾರ್ಯಕ್ರಮ ನಡೆಯುತ್ತಿತ್ತು. ಅದನ್ನು ನಡೆಸುತ್ತಿದ್ದ ಹಿರಿಯನನ್ನು ಅಂಕಲ್ ಪ್ರೀತಿಯಿಂದ ‘ಮುದುಕ’ ಎನ್ನುತ್ತಿದ್ದರು. ಎಲ್ಲಿ ಮಂಜು ಕವಿದಿದೆ, ಯಾವ ತಿರುವಿನಲ್ಲಿ ಕಾಂಗರೂಗಳು ರಸ್ತೆಗೆ ಬಂದಿವೆ, ಯಾರ ಹೆಂಡತಿಗೆ ಹೆರಿಗೆಯಾಯಿತು – ಎಲ್ಲವನ್ನೂ ಚಾಲಕರು ಫೋನಿನಲ್ಲಿ ತಿಳಿಸುವರು, ಮುದುಕ ಎದುರು ದಿಕ್ಕಿನಿಂದ ಬರುವವರಿಗೆ ದಾಟಿಸುವನು. ಮಂಗಳೂರಿನವರೆಂದು ಹೇಳಿಕೊಂಡ ಅಂಕಲ್‌ಗೆ ಅವನು ಕೊಟ್ಟ ಹೆಸರು ‘ಮ್ಯಾಂಗೋ’. ಆ ಹೆಸರಿನ ಬಗ್ಗೆ ಅವರಿಗಿದ್ದ ಜಂಬ ಅಷ್ಟಿಷ್ಟಲ್ಲ. ಭಾನುವಾರ ಚರ್ಚಿನಿಂದ ಬರುವಾಗ ಅಪರಿಚಿತರಿಗೂ ಅದನ್ನೇ ಹೇಳುತ್ತಿದ್ದರು. “ಇವರಿಗೆ ಸ್ವಂತ ಹೆಸರು ಮರೆತು ಹೋಗಿದೆ, ಇನ್ನು ನನ್ನ ಹೆಸರು ಯಾವಾಗ ಮರೀತಾರೋ” ಎಂದು ಆಂಟಿ ನಗುತ್ತಿದ್ದರು.

ನನ್ನನ್ನು ಸೆಳೆದದ್ದು ಮುದುಕನ ಇನ್ನೊಂದು ಪದ್ಧತಿ. ಸರ್ಕಾರ, ಯುದ್ಧ, ವಲಸೆ – ಎಂಥ ಜಗಳದ ವಿಷಯ ಬಂದರೂ ಅವನು ಹೇಳುತ್ತಿದ್ದದ್ದು ಒಂದೇ: “ನೀನು ಹೇಳುವುದು ತಪ್ಪು, ಮೇಟ್. ಆದರೆ ಮೊದಲು ಪೂರ್ತಿ ಹೇಳು.” ಕಾಲೇಜಿನಲ್ಲಿ ನಮಗೆ ನಿಯಮಾವಳಿಯಾಗಿ ಕಲಿಸಿದ್ದನ್ನು ಈ ಮನುಷ್ಯ ಸಹಜ ಸಜ್ಜನಿಕೆಯಾಗಿ ಆಚರಿಸುತ್ತಿದ್ದ. ಪ್ರಜಾಪ್ರಭುತ್ವದ ಬಗ್ಗೆ ನನಗಿದ್ದ ಕನಸಿಗೆ ಒಂದು ದನಿಯಿದ್ದಿದ್ದರೆ ಅದು ಆ ಒಡಕು ಗಂಟಲೇ ಆಗಿರುತ್ತಿತ್ತು.

ಯಾರಾದರೂ ಚಾಲಕ ತೀರಿಕೊಂಡರೆ ಮುದುಕ ಅವನ ಹೆಸರು ಹೇಳಿ, ಅವನು ಓಡಾಡಿದ ದಾರಿಯನ್ನು ಹೇಳಿ, ಒಂದು ನಿಮಿಷ ಯಾವ ಕರೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಹಾಡಿಲ್ಲ, ಜಾಹೀರಾತಿಲ್ಲ, ಬರೀ ಮೌನ. ಹೆದ್ದಾರಿಯ ಅಷ್ಟೂ ಟ್ರಕ್ಕುಗಳೊಳಗೆ ಅದೇ ಮೌನ. ಅಂಕಲ್ ಟೋಪಿ ತೆಗೆದು ಎದೆಯ ಮೇಲೆ ಶಿಲುಬೆಯ ಗುರುತು ಮಾಡುತ್ತಿದ್ದರಂತೆ. “ನಾ ಹೋದ್ರೆ ನಂಗೂ ಒಂದು ನಿಮಿಷ ಉಂಟು, ಗೊತ್ತುಂಟಾ ಲೀಡರ್? ನಿಮ್ಮ ದೊಡ್ಡ ದೊಡ್ಡ ಡಾಕ್ಟ್ರು, ಇಂಜಿನಿಯರ್‌ಗಳಿಗೆ ಅದು ಸಿಗುದಿಲ್ಲ” ಎಂದು ಅವರು ಎಷ್ಟೋ ಸಲ ಹೇಳಿದ್ದುಂಟು. ತಮಾಷೆಯೆಂದುಕೊಂಡಿದ್ದೆ. ತಮಾಷೆಯಾಗಿರಲಿಲ್ಲ.

ಓದು ಮುಂದುವರಿಸಲು ನಾನು ಮೆಲ್ಬರ್ನ್‌ಗೆ ಹೊರಟಾಗ, ಕಂಪನಿಯ ನಿಯಮವನ್ನು ಬದಿಗಿಟ್ಟು ಅವರು ನನ್ನನ್ನು ತಮ್ಮ ಟ್ರಕ್ಕಿನಲ್ಲೇ ಕೂರಿಸಿಕೊಂಡರು. ಟಾರ್ಕಟಾದಲ್ಲಿ ಟ್ರೈಲರಿನ ಜೊತೆಗೆ ನಾನೂ ಪಾರ್ಟ್‌ನರ್‌ನ ಕೈಗೆ ದಾಟಿದೆ. ಹೊರಡುವ ಮೊದಲು ಅಂಕಲ್ ರೇಡಿಯೋಗೆ ಫೋನ್ ಮಾಡಿದರು. ಪಾರ್ಟ್‌ನರ್‌ನ ಟ್ರಕ್ಕಿನಲ್ಲಿ ಕುಳಿತು ನಾನು ಮುದುಕನ ದನಿ ಕೇಳಿದೆ: “ಮ್ಯಾಂಗೋ ತನ್ನ ಮನೆಯ ಹುಡುಗನನ್ನು ದಕ್ಷಿಣಕ್ಕೆ ಕಳಿಸುತ್ತಿದ್ದಾನೆ. ಓದಲು ಬಂದವನು. ಕಂಡರೆ ಚೆನ್ನಾಗಿ ನೋಡಿಕೊಳ್ಳಿ.” ಒಂದು ಪರದೇಶ ನನ್ನನ್ನು ಅದಕ್ಕಿಂತ ಆತ್ಮೀಯವಾಗಿ ಮತ್ತೆಂದೂ ಸ್ವಾಗತಿಸಿಲ್ಲ. ಆಮೇಲೆ ಆಂಟಿ ಮಾಡಿದ ನಿಂಬೆ ಉಪ್ಪಿನಕಾಯಿಯೂ ಚಕ್ಕುಲಿಯೂ ಅದೇ ದಾರಿಯಲ್ಲಿ, ಅದೇ ರೀತಿ ಕೈ ಬದಲಾಯಿಸಿ, ಮೆಲ್ಬರ್ನ್‌ನ ಡ್ಯಾಂಡಿನಾಂಗ್‌ನ ಗೋದಾಮಿನ ಗೇಟಿನಲ್ಲಿ ನನಗೆ ಸಿಗುತ್ತಿದ್ದವು.

ದಶಕದ ನಡುವಿನಲ್ಲಿ ಆ ರೇಡಿಯೋ ಕೇಂದ್ರ ಬೇರೆ ಮಾಲೀಕರ ಕೈಗೆ ಹೋಯಿತು. ಹಗಲಿನ ಸ್ಥಳೀಯ ಮಾತುಕತೆ ಮೊದಲು ಹೋಯಿತು. ಊರಿನ ಕೌನ್ಸಿಲ್, ಕಳೆದುಹೋದ ನಾಯಿ, ಶಾಲೆಯ ಮುಂದಿನ ಹೊಂಡ – ಇವಕ್ಕೆಲ್ಲ ಇದ್ದ ಸಮಯವನ್ನು ದೂರದ ನಗರದಿಂದ ಇಡೀ ದೇಶಕ್ಕೆ ಬಿತ್ತರವಾಗುವ ಕಾರ್ಯಕ್ರಮಗಳು ನುಂಗಿದವು. ನಂತರ ಮುದುಕನನ್ನು ಬೀಳ್ಕೊಡುಗೆಯ ಮಾತಿಗೂ ಅವಕಾಶ ಕೊಡದೆ ಕಳಿಸಿದರು. ಅವನ ಜಾಗಕ್ಕೆ ಬಂದವನಿಗೆ ದಾರಿಯ ಮೇಲಲ್ಲ, ಕೋಪದ ಮೇಲೆ ಆಸಕ್ತಿ.

ನಾನು ಸುಮ್ಮನಿರಲಿಲ್ಲ. ಕೇಂದ್ರಕ್ಕೂ ಪ್ರಸಾರದ ಮೇಲ್ವಿಚಾರಣೆ ಮಾಡುವ ಕಚೇರಿಗೂ ಮನವಿ ಬರೆದೆ: ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತು, ಸ್ಥಳೀಯ ಮಾತು ಲಾಭದ ಸರಕಲ್ಲ. ಸಿಡ್ನಿಗೆ ಹೋಗಿ ನಮ್ಮವರ ಸಭೆಯೊಂದರಲ್ಲಿ ಸಹಿ ಕೇಳಿದೆ. ನಿವೃತ್ತ ಇಂಜಿನಿಯರೊಬ್ಬರು ತುಂಬ ಸಭ್ಯವಾಗಿಯೇ ಹೇಳಿದರು: “ಐಡಿಯಾ ಚೆನ್ನಾಗಿದೆ ಕಣಪ್ಪ. ಆದ್ರೆ ಟ್ರಕ್ ಡ್ರೈವರ್‌ಗಳ ರೇಡಿಯೋಗೆ ನಾವ್ಯಾಕೆ ಇನ್ವಾಲ್ವ್ ಆಗ್ಬೇಕು? ಇಲ್ಲಿ ನಮ್ಮ ಕಮ್ಯುನಿಟಿಗೆ ಅಂತ ಒಂದು ಇಮೇಜ್ ಇದೆ.” ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಕೊನೆಗೆ ಅಂಕಲ್ ಬಳಿ ಹೋದೆ. ಆ ಕಾರ್ಯಕ್ರಮ ಏನಾಗಿತ್ತೆಂದು ಅಧಿಕಾರದಿಂದ ಹೇಳಬಲ್ಲವರು ಅವರಲ್ಲವೆ?

“ನಾನು ಸಹಿ ಹಾಕುದಿಲ್ಲ ಮಾರಾಯ,” ಎಂದರು.

“ಯಾಕೆ ಅಂಕಲ್? ಮುದುಕನನ್ನ ಹೊರಗೆ ಹಾಕಿದ್ದು ನಿಮಗೆ ಸರಿ ಅನ್ಸುತ್ತಾ?”

“ಸರಿ ಅಲ್ಲ. ಆದ್ರೆ ಹೆಸರು ಬರೆದುಕೊಟ್ರೆ ಇವರು ನಂಗೆ ಲೈನ್ ಕೊಡುದಿಲ್ಲ. ಮತ್ತೆ ನಂದು ಆ ಒಂದು ನಿಮಿಷ?”

ಆಂಟಿ ಅಡುಗೆಮನೆಯಿಂದಲೇ, “ನಿಮಿಷ ಅಂತೆ! ಸಾಯ್ಲಿಕ್ಕೆ ಮೊದಲೇ ಬುಕಿಂಗ್!” ಎಂದರು. ನಾವು ಮೂವರೂ ನಕ್ಕೆವು. ಅದು ನಾವು ಒಟ್ಟಾಗಿ ನಕ್ಕ ಕೊನೆಯ ಸಂದರ್ಭವಿರಬೇಕು... ನೆನಪಿಸಿಕೊಂಡಷ್ಟೂ ಹಾಗನಿಸುತ್ತದೆ.

ಚಳಿಗಾಲದಲ್ಲಿ ಒಮ್ಮೆ ದಾರಿಯಲ್ಲಿ ದಟ್ಟ ಮಂಜು ಕಂಡು ಅವರು ಎಂದಿನಂತೆ ಫೋನ್ ಮಾಡಿದರು. ಈಗ ಕರೆ ನೇರವಾಗಿ ಹೋಗುತ್ತಿರಲಿಲ್ಲ. ಮೊದಲು ಒಬ್ಬಳು ಹುಡುಗಿ ವಿಚಾರಿಸುತ್ತಿದ್ದಳು. ‘ನಿಮಗೆ ಯಾವುದರ ಬಗ್ಗೆ ಕೋಪ?’ ಎಂದು ಕೇಳಿದಳಂತೆ. ಕೋಪವಿಲ್ಲ, ಮಂಜಿದೆ ಎಂದರಂತೆ ಇವರು. ಇವತ್ತಿನ ವಿಷಯ ಅದಲ್ಲ ಎಂದು ಆಕೆ ಫೋನ್ ಇಟ್ಟಳು. ಈ ಕಥೆಯನ್ನು ಮೊದಲ ಸಲ ಹೇಳುವಾಗ ಅವರು ನಗುತ್ತಿದ್ದರು. ಎರಡನೆಯ ಸಲ ಹೇಳುವಾಗ ನಗಲಿಲ್ಲ. ಅದಾದ ಮೇಲೆ ಬಹಳ ಕಾಲ ರೇಡಿಯೋದಲ್ಲಿ ಮ್ಯಾಂಗೋ ಎಂಬ ಹೆಸರು ಕೇಳಲೇ ಇಲ್ಲ.

ಮತ್ತೆ ಕೇಳಿದಾಗ ನಾನು ಮೆಲ್ಬರ್ನ್‌ನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದೆ. ಆಗ ನನ್ನಂಥ ಭಾರತೀಯ ವಿದ್ಯಾರ್ಥಿಗಳ ಪಾಲಿಗೆ ಆ ನಗರದ ಬೀದಿಗಳು ಅಷ್ಟೇನೂ ಸುರಕ್ಷಿತವಾಗಿರಲಿಲ್ಲ. ಹಲ್ಲೆಗಳಾಗುತ್ತಿದ್ದವು. ರೈಲು ಇಳಿದು ಮನೆ ಸೇರುವವರೆಗೆ ಗುಂಪಾಗಿ ನಡೆಯುತ್ತಿದ್ದೆವು. ಬೆಳಗಿನ ಜಾವ ಒಬ್ಬ ಪ್ರಯಾಣಿಕನನ್ನು ವಿಮಾನನಿಲ್ದಾಣಕ್ಕೆ ಕರೆದೊಯ್ಯುತ್ತಿದ್ದೆ. ರಾತ್ರಿಯ ಕಾರ್ಯಕ್ರಮದ ಕೊನೆಯ ಗಂಟೆ. “ನಮ್ಮ ಹಳೆಯ ಗೆಳೆಯ ಮ್ಯಾಂಗೋ ಲೈನಿನಲ್ಲಿದ್ದಾನೆ. ಅವನೂ ಭಾರತದವನೇ. ಅವನ ಮಾತು ಕೇಳಿ,” ಎಂದ ಹೊಸ ನಿರೂಪಕ.

ಅಂಕಲ್ ದನಿ. ಈಗ ಬರುವ ಹುಡುಗರು ಓದಲು ಬರುವುದಿಲ್ಲ. ಓದಿನ ನೆಪದಲ್ಲಿ ಪಿಆರ್, ಅಂದರೆ ಕಾಯಂ ನೆಲೆಸುವ ಹಕ್ಕು, ಹೊಡೆಯಲು ಬರುತ್ತಾರೆ. ಒಂದು ಮನೆಯಲ್ಲಿ ಹತ್ತು ಜನ ತುಂಬಿಕೊಳ್ಳುತ್ತಾರೆ. ದಾರಿ ಗೊತ್ತಿಲ್ಲದೆ ಟ್ಯಾಕ್ಸಿ ಓಡಿಸುತ್ತಾರೆ. ಏಟು ಬಿದ್ದರೆ ಗಲಾಟೆ ಮಾಡುತ್ತಾರೆ. ನಾವು ಬಂದ ಕಾಲದಲ್ಲಿ ಹೀಗಿರಲಿಲ್ಲ. ನಿರೂಪಕ ಒಮ್ಮೆಯೂ ‘ನೀನು ಹೇಳುವುದು ತಪ್ಪು’ ಎನ್ನಲಿಲ್ಲ. ಪೂರ್ತಿ ಹೇಳಲು ಮಾತ್ರ ಬಿಟ್ಟ. ನಾನು ದನಿ ತಗ್ಗಿಸಲು ಕೈ ಚಾಚಿದೆ. ಹಿಂದಿನ ಸೀಟಿನವನು, “ಸ್ವಲ್ಪ ಜೋರು ಮಾಡು, ಮೇಟ್” ಎಂದ. ಮಾಡಿದೆ. ಇಳಿಯುವಾಗ ಅವನು ನಿಜಕ್ಕೂ ಮೆದುವಾಗಿ ಹೇಳಿದ: “ಬೇಜಾರು ಮಾಡಿಕೊಳ್ಳಬೇಡ. ಆದರೆ ನೋಡು, ನಿಮ್ಮವನೇ ಹೇಳುತ್ತಿದ್ದಾನೆ.”

ನಾನು ಅವನ ಸೂಟ್‌ಕೇಸನ್ನು ಇಳಿಸಿಕೊಟ್ಟೆ.

ಆ ಸಂಜೆ ಗಿರಾವೀನ್‌ಗೆ ಫೋನ್ ಮಾಡಿದೆ.

“ಓ, ಕೇಳಿದ್ಯಾ?” ಎಂದರು ಅಂಕಲ್, ಉತ್ಸಾಹದಿಂದ. “ಹೇಗಿತ್ತು? ಅಷ್ಟು ಹೊತ್ತು ಅವ ಯಾರಿಗೂ ಬಿಡುದಿಲ್ಲ!”

“ನಾನು ಟ್ಯಾಕ್ಸಿ ಓಡಿಸ್ತಿದ್ದೆ ಅಂಕಲ್. ಹಿಂದೆ ಪ್ಯಾಸೆಂಜರ್ ಇದ್ದ.”

“ನಿನ್ನ ಬಗ್ಗೆ ಅಲ್ಲ ಮಾರಾಯ. ನೀನು ನಮ್ಮ ಮನೆಯ ಹುಡುಗ.”

“ಮತ್ತೆ ಯಾರ ಬಗ್ಗೆ?”

“ಬೇರೆಯವರ ಬಗ್ಗೆ.”

“ಆ ಬೇರೆಯವರಲ್ಲಿ ಒಬ್ಬರನ್ನ ತೋರಿಸಿ ಅಂಕಲ್. ನಿಮಗೆ ಗೊತ್ತಿರೋ ಒಬ್ಬರನ್ನ.”

“ನಿನ್ನತ್ರ ಡಿಬೇಟ್ ಮಾಡ್ಲಿಕ್ಕೆ ನಂಗೆ ಆಗುದಿಲ್ಲ, ಲೀಡರ್. ಮಂಜು ಉಂಟು ಅಂದ್ರೆ ಫೋನ್ ಇಡ್ತಾರೆ. ಇದು ಹೇಳಿದ್ರೆ ‘ಗೆಳೆಯ’ ಅಂತಾರೆ. ಇಡೀ ರಾತ್ರಿ ಒಬ್ಬನೇ ಕೂತ್ಕೊಂಡು ನಾನು ಎಂತ ಮಾಡುದು, ಹೇಳು?”

ನಾನು ಹೇಳಿದೆ. ಕಟುವಾಗಿ, ಕ್ರಮಬದ್ಧವಾಗಿ, ಒಂದೊಂದು ಅಂಶವನ್ನೂ ಬಿಡಿಸಿ ಹೇಳಿದೆ. ಅದರಲ್ಲಿ ಯಾವುದನ್ನೂ ಇವತ್ತಿಗೂ ಹಿಂತೆಗೆದುಕೊಳ್ಳಲಾರೆ. ಅವರು ಪೂರ್ತಿ ಕೇಳಿಸಿಕೊಂಡರು. ಮುದುಕನಿಂದ ಕಲಿತ ಆ ಒಂದು ಅಭ್ಯಾಸ ಅವರಲ್ಲಿ ಇನ್ನೂ ಉಳಿದಿತ್ತು. ಮುಂದಿನ ವಾರವೂ ಡ್ಯಾಂಡಿನಾಂಗ್‌ನ ಗೇಟಿಗೆ ಉಪ್ಪಿನಕಾಯಿ ಬಂತು. ಆಮೇಲೂ ಬರುತ್ತಿತ್ತು. ಆದರೆ ರೇಡಿಯೋದ ಮಾತನ್ನು ನಾವಿಬ್ಬರೂ ಎತ್ತಲಿಲ್ಲ; ರೇಡಿಯೋ ಬಿಟ್ಟರೆ ನಮ್ಮಿಬ್ಬರ ನಡುವೆ ಎತ್ತಲು ಬೇರೆ ಮಾತುಗಳೂ ಹೆಚ್ಚಿರಲಿಲ್ಲವೆಂದು ಆಗ ಗೊತ್ತಾಯಿತು...

ನಿರೂಪಕನಿಗೂ ಅವರು ಬಹುಕಾಲ ಬೇಕಾಗಲಿಲ್ಲ. ಪತ್ರಿಕೆಗಳು ವಿದ್ಯಾರ್ಥಿಗಳ ಸುದ್ದಿಯನ್ನು ಮರೆತಾಗ, ವಿದ್ಯಾರ್ಥಿಗಳನ್ನು ಬೈಯುವ ಭಾರತೀಯನ ಅಗತ್ಯವೂ ಮುಗಿಯಿತು. ಮತ್ತೆ ಲೈನ್ ಸಿಗಲಿಲ್ಲ. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂದವಾಗಿ ಅವರು ಟ್ರಕ್ಕನ್ನೂ ಬಿಟ್ಟರು. ನಾನು ಹಿಂದೆ ಇದ್ದ ಗ್ಯಾರೇಜಿನಲ್ಲಿ ಕುರ್ಚಿ ಹಾಕಿಕೊಂಡು, ರಾತ್ರಿ ರೇಡಿಯೋ ಹಚ್ಚಿ ಕೂರುತ್ತಾರೆಂದು ಆಂಟಿ ಹೇಳುತ್ತಿದ್ದರು. ಕೆಲವು ವರ್ಷಗಳಲ್ಲಿ ಅದೇ ಕುರ್ಚಿಯಲ್ಲಿ ಹೃದಯ ನಿಂತಿತು.

ಅಂತ್ಯಕ್ರಿಯೆಗೆ ಸಿಡ್ನಿಗೆ ಹೋದೆ. ಪಾರ್ಟ್‌ನರ್ ಕೂಡ ಬಂದಿದ್ದ. ಮೊದಲ ಬಾರಿಗೆ ಟಾರ್ಕಟಾ ದಾಟಿ ಗಿರಾವೀನ್‌ವರೆಗೆ. ಎಲ್ಲ ಮುಗಿದ ಮೇಲೆ ಆಂಟಿ ನನ್ನನ್ನು ಪಕ್ಕಕ್ಕೆ ಕರೆದು, “ಆ ಒಂದು ನಿಮಿಷದ್ದು... ನೀನೊಂದು ಕೇಳಿ ನೋಡ್ತೀಯಾ ಮಗಾ? ನಿಂಗೆ ಮಾತಾಡ್ಲಿಕ್ಕೆ ಗೊತ್ತುಂಟು” ಎಂದರು.

ರಾತ್ರಿ ಗ್ಯಾರೇಜಿನಿಂದಲೇ ಫೋನ್ ಮಾಡಿದೆ. ಆಂಟಿ ಬಾಗಿಲಲ್ಲಿ ನಿಂತಿದ್ದರು. ಅತ್ತ ಕಡೆ ಚುರುಕಾದ ಒಂದು ಹೆಣ್ಣು ದನಿ. ಒಬ್ಬ ಚಾಲಕ ತೀರಿಕೊಂಡಿದ್ದಾರೆ, ಈ ದಾರಿಯಲ್ಲಿ ವರ್ಷಗಟ್ಟಲೆ ಓಡಿಸಿದವರು, ನಿಮ್ಮಲ್ಲಿ ಅವರನ್ನು ಮ್ಯಾಂಗೋ ಎನ್ನುತ್ತಿದ್ದರು, ಒಂದು ನಿಮಿಷದ ಮೌನ ಬೇಕು ಎಂದೆ. ಮೌನವನ್ನು ಪ್ರಸಾರ ಮಾಡುವ ಪದ್ಧತಿ ತಮ್ಮಲ್ಲಿಲ್ಲ ಎಂದಳು. ಮ್ಯಾಂಗೋ ಎಂಬ ಹೆಸರು ಅವಳು ಕೇಳಿರಲಿಲ್ಲ. ನನ್ನ ಉಚ್ಚಾರಣೆಯಿಂದ ಏನು ಹೊಳೆಯಿತೋ, ದನಿ ಒಮ್ಮೆಲೇ ಮೃದುವಾಯಿತು: “ಇವತ್ತು ವಲಸೆಯ ಬಗ್ಗೆ ಚರ್ಚೆಯಿದೆ. ಅದರ ಬಗ್ಗೆ ನಿಮಗೇನಾದರೂ ಕೋಪವಿದೆಯೇ? ಇದ್ದರೆ ಈಗಲೇ ಲೈನ್ ಕೊಡಬಹುದು.”

ಕೋಪವಿತ್ತು. ಜೀವಮಾನದಲ್ಲಿ ಅಷ್ಟು ಕೋಪ ನನಗೆ ಮೊದಲೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಇಡೀ ದೇಶದ ಹೆದ್ದಾರಿಗಳು ಕೇಳುವಂತೆ ಅದನ್ನು ಹೇಳುವ ಅವಕಾಶ ಕೈಯಲ್ಲೇ ಇತ್ತು. ಇಲ್ಲ ಎಂದು ಹೇಳಿ ಫೋನ್ ಇಟ್ಟೆ.

“ಎಂತ ಹೇಳಿದ್ರು?” ಎಂದರು ಆಂಟಿ.

ನಾನು ಅವರ ರೇಡಿಯೋವನ್ನು ಆರಿಸಿದೆ. ನಾವಿಬ್ಬರೂ ನಿಂತೇ ಇದ್ದೆವು. ಒಂದು ನಿಮಿಷವಾಯಿತೋ, ಹೆಚ್ಚಾಯಿತೋ... ಆಂಟಿ ಶಿಲುಬೆಯ ಗುರುತು ಮಾಡಿ ಒಳಗೆ ಹೋದರು.

ಪೆಟ್ರೋಲ್ ಬಂಕಿನಲ್ಲಿ ಟ್ರಕ್ಕಿನಿಂದ ಇಳಿದವನು ಒಬ್ಬ ಪಂಜಾಬಿ ಯುವಕ, ಕಿವಿಯಲ್ಲಿ ಇಯರ್‌ಫೋನ್. ಆ ಸಿಪ್ಪೆ ನಿದ್ದೆ ಬಾರದಿರಲೆಂದು ಇಟ್ಟದ್ದೇ ಎಂದು ಹಿಂದಿಯಲ್ಲಿ ಕೇಳಿದೆ. ಅಲ್ಲ, ಹಿಂದಿನ ಡ್ರೈವರ್ ಸಿಗರೇಟು ಸೇದಿ ಗಬ್ಬೆಬ್ಬಿಸಿದ್ದ, ಅದಕ್ಕೆ ಎಂದ. ರೇಡಿಯೋ ಕೇಳುವುದಿಲ್ಲವೇ ಎಂದರೆ ನಕ್ಕ. “ಅದರಲ್ಲಿ ಬೈಯೋದು ನಮ್ಮನ್ನೇ ತಾನೆ, ಭಾಯಿಸಾಬ್? ಅದನ್ನ ನಾನ್ಯಾಕೆ ಕೇಳಲಿ?”

ಅವನು ದಕ್ಷಿಣಕ್ಕೆ ಹೊರಟಿದ್ದ. ದಾರಿಯಲ್ಲಿ ಎಲ್ಲಿ ಮಂಜಿದೆಯೆಂದು ಅವನಿಗೆ ಹೇಳಬೇಕೆನಿಸಿತು. ನನಗೆ ಗೊತ್ತಿರಲಿಲ್ಲ. ಅದನ್ನು ಹೇಳುವವರು ಈಗ ಯಾರೂ ಇಲ್ಲ.